ನಮ್ಮ ಭತ್ತ, ಮಿಲ್ಲಿನ ಅಕ್ಕಿ

ಮಾನ್ಯ ಮಿತ್ರರ ಅವಗಾಹನೆಗೆ ಅರಿಕೆ ಮಾಡುವುದೇನೆಂದರೆ, ನಾಳೆ ನಮ್ಮ ಮನೆಯಲ್ಲಿ ಹೊಸ್ತಿನ ಊಟ. ಸ್ವಂತ ಗದ್ದೆಯ ಹೊಸ ಅಕ್ಕಿಯೇ ಎಲೆಗೆ ಬೀಳತಕ್ಕದ್ದು. ಆದಕಾರಣ ಇಂದು ಬೆಳಿಗ್ಗೆ ಬಸ್ರೂರಿನ ಅಕ್ಕಿ ಮಿಲ್ಲಿಗೆ ಒಂದು ಮೂಟೆ ಭತ್ತವನ್ನು ಖುದ್ದಾಗಿ ಒಯ್ದೆನು. ಕಂಪ್ಯೂಟರಿನ ಮುಂದಿದ್ದ ಸುಜಾತ, ಭತ್ತವನ್ನು ಎಲ್ಲರ ರಾಶಿಗೆ ಸುರಿಯಹೇಳಿ, ಸಿದ್ಧ ಅಕ್ಕಿಯ ಚೀಲವೊಂದನ್ನು ನನ್ನ ಮುಂದಿರಿಸಿದಳು.

"ಇದ್ ನಮ್ ಗದ್ದಿ ಅಕ್ಕಿ ಅಲ್ಲ ಮಾರಾಯ್ತಿ!" ಎಂದು, ಮೂಟೆಯನ್ನು ಸುರಿಯಗೊಡದೆ, ಆಕ್ಷೇಪಣೆ ಸಲ್ಲಿಸಿದೆನು.

"ಹ್ವಾಯ್ ಅಜ್ಜಯ್ಯ, ಹೊಸ ಕಂಪ್ಯೂಟ್ರಗೆ ಖರೀದಿ, ಮಾರಾಟ ಎರಡೇ ಇಪ್ಪುದ್. ನಿಮ್ ಭತ್ತ ನಿಮ್ಗೇ ಅಕ್ಕಿ ಮಾಡಿ ಕೊಡುಕೆ ಅದ್ರಗೆ ಜಾಗ್ವೇ ಇಲ್ಲೆ. ನಾನ್ ಎಂತ ಮಾಡುದ್?"

ಗದ್ದಲ ಕೇಳಿ ಮಾಲಕರೇ ಹೊರಬಂದು, ಗಣಕ ವ್ಯವಸ್ಥೆಯಿಂದ ವ್ಯಾಪಾರಕ್ಕಾದ ಅನುಕೂಲಗಳನ್ನು ಸವಿಸ್ತಾರವಾಗಿ ವಿವರಿಸಿದರು. ಅವರ ಬೆನ್ನ ಹಿಂದೆ, ಗೋಡೆಗೆ ಒರಗಿಸಿ ಬೇರೆಯೇ ಇಟ್ಟ ಭತ್ತದ ಮೂಟೆಯೊಂದು ನನಗೆ ಕಾಣಿಸಿತು.

"ಅದ್ ಯಾರದ್?" ಎಂದು ವಿಚಾರಿಸಿದೆನು.

"ಅದ್... ನಮ್ ಮನಿದ್" ಎಂದು ಮಾಲಕರು ದನಿ ತಗ್ಗಿಸಿದರು. "ನಮ್ಗೂ ನಾಳೆ ಹೊಸ್ತ್ ಅಲ್ದಾ? ಕಂಪ್ಯೂಟ್ರಿಗೆ ಹಾಕ್ಲಿಲ್ಲ. ನಿಮ್ದೂ ಹಾಂಗೇ ಬೇರೆಯೇ ಅಕ್ಕಿ ಮಾಡಿ ಕೊಡ್ತೆ, ಯಾರಿಗೂ ಹೇಳ್ಬೇಡಿ."

ಸದರಿ ಮಿಲ್ಲಿನ ವ್ಯವಹಾರವು ಸಂಪೂರ್ಣವಾಗಿ ಗಣಕೀಕೃತಗೊಂಡಿದೆ ಎಂದು ಈ ಮೂಲಕ ದೃಢೀಕರಿಸುತ್ತೇನೆ, ಮಾಲಕರ ಊಟ ಮತ್ತು ನನ್ನ ಊಟವನ್ನು ಹೊರತುಪಡಿಸಿ.