ಸೆಲ್ ಕೆಟ್ಟಾವ, ಲಗೂನ ಬಾ!

ಹೋದ ವರ್ಷದ ವಿಜ್ಞಾನ ದಿನದ ಮಾತು. ತಿರ್ಲಾಪುರದಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಮಗಳು ಸಾವಿತ್ರಿ ಎಂಟನೇ ತರಗತಿ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು, ನಾಲ್ಕು ಜನರ ಮುಂದೆ ನಿಂತರೆ ಬಾಯಿಗೆ ಬೀಗ. ಅಂಥವಳಿಗೇ ಸೈದಾ ಟೀಚರ್, ಊರವರಿಗೆಲ್ಲ ಸೂಕ್ಷ್ಮದರ್ಶಕದಲ್ಲಿ ಜೀವಕೋಶ ತೋರಿಸಿ ವಿವರಿಸುವ ಕೆಲಸ ಕೊಟ್ಟಿದ್ದರು. ಅವಳಿಗಿಂತ ನನಗೇ ಹೆದರಿಕೆ ಹೆಚ್ಚು.

ಮುಂಜಾನೆ ಟೀಚರ್ ಫೋನಿನಿಂದ ಅವಳ ಕರೆ ಬಂತು. "ಯವ್ವಾ, ಸೆಲ್ ಕೆಟ್ಟಾವ. ಏನೂ ಕಾಣವಲ್ದು. ಅಂಗಡ್ಯಾಗಿಂದ ಒಂದ್ ಚಲೋದ್ ತಗೊಂಡ್ ಲಗೂನ ಬಾ ಬೇ!"

ಅಂಗಡಿಯಲ್ಲಿ ಸೆಲ್ಲಿಗೇನು ಬರ? ಒಂದು ಸಾಲದಿದ್ದರೆ ಎಂದು ಬ್ಯಾಟರಿಗೆ ಹಾಕುವ ನಾಲ್ಕು ಹೊಸ ಸೆಲ್ ಸೆರಗಿನಲ್ಲಿ ಕಟ್ಟಿಕೊಂಡು, ಬಾಗಿಲಲ್ಲಿದ್ದ ಉಳ್ಳಾಗಡ್ಡಿ ಚೀಲ ದಾಟಿ ಶಾಲೆಗೆ ಓಡಿದೆ.

ಮೇಜಿನ ಮೇಲೆ ಅವನ್ನು ಇಟ್ಟ ಕೂಡಲೇ ಮಗಳ ಮುಖ ಬಾಡಿತು. "ಈ ಸೆಲ್ ಅಲ್ಲ ಬೇ! ಉಳ್ಳಾಗಡ್ಡಿ ಪೊರಿ ಒಣಗೇತಿ, ಹೊಸಾ ಗಡ್ಡಿ ಬೇಕಿತ್ತ."

"ಹಂಗಾರ ಉಳ್ಳಾಗಡ್ಡಿ ಅನ್ನಾಕ ಏನಾಗಿತ್ತವಾ ನಿನಗ?"

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಇರ್ಲಿ ಬಿಡ್ರಿ ಅಕ್ಕಾರ" ಎಂದು ಟೀಚರ್ ಬಿಸಿಯೂಟದ ಅಡುಗೆಮನೆಯಿಂದ ಉಳ್ಳಾಗಡ್ಡಿ ತರಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನಿಂದಾಗಿ ಇವಳ ಬಾಯಿ ಇನ್ನು ತೆರೆಯುವುದೇ ಇಲ್ಲ ಎಂಬ ಹೆದರಿಕೆ ಬೇರೆ.

ಸಾವಿತ್ರಿ ತೆಳ್ಳಗಿನ ಪೊರೆ ಸುಲಿದು, ಗಾಜಿನ ಪಟ್ಟಿಯ ಮೇಲೆ ಹರವಿ, ಬಣ್ಣ ಹಿಡಿಯಲೆಂದು ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟಳು. ಅಷ್ಟರಲ್ಲಿ ಜನ ಬಂದು ಸುತ್ತುವರಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಕಡೆ ನೋಡಿದಳು, ಮೇಜಿನ ಮೇಲಿನ ಸೆಲ್ ನೋಡಿದಳು, ಕಿಸಕ್ಕನೆ ನಕ್ಕಳು. ಒಂದು ಕೈಯಲ್ಲಿ ಸೆಲ್, ಇನ್ನೊಂದರಲ್ಲಿ ಉಳ್ಳಾಗಡ್ಡಿ ಎತ್ತಿ ಹಿಡಿದು ಶುರು ಮಾಡಿಯೇ ಬಿಟ್ಟಳು.

"ಇದು ನಮ್ಮವ್ವ ತಂದ ಸೆಲ್‌ರಿ. ತೀರಿದ್ರ ಒಗೀಬೇಕು. ಉಳ್ಳಾಗಡ್ಡಿ ಒಳಗಿನ ಸೆಲ್ ಹಂಗಲ್ರಿ, ಒಂದ್ ಇದ್ದದ್ದು ಎರಡ್ ಆಕ್ಕೈತಿ. ಹಂಗಾಗೇ ಗಡ್ಡಿ ಬೆಳೀತೈತಿ, ನಾವೂ ಬೆಳೀತೀವಿ."

ಅವಳ ದನಿ ಹಿಂದೆ ನಿಂತವರಿಗೂ ಕೇಳಿಸಿತು. ಆಮೇಲೆ ನಾನೂ ಬಗ್ಗಿ ನೋಡಿದೆ. ಮೊದಲು ಕಂಡದ್ದು ನನ್ನದೇ ರೆಪ್ಪೆ. ನಂತರ ಇಟ್ಟಂಗಿ ಜೋಡಿಸಿದಂತೆ ಸಾಲುಸಾಲು ಕೋಶಗಳು, ಒಂದೊಂದರಲ್ಲೂ ಕಂದು ಚುಕ್ಕಿ. ಅಷ್ಟರಲ್ಲಿ ಕಣ್ಣು ತುಂಬಿ ಬಂದು ಮತ್ತೇನೂ ಕಾಣಲಿಲ್ಲ.

ಈಗ ಅಂಗಡಿಗೆ ಯಾರಾದರೂ ಸೆಲ್ ಕೇಳಿಕೊಂಡು ಬಂದರೆ ಒಳಗಿನಿಂದ ಅವಳೇ ಕೂಗುತ್ತಾಳೆ: "ಯಾವ ಸೆಲ್ ಬೇಕ್ರಿ ಕಾಕಾ? ತೀರೂದೋ, ಬೆಳಿಯೂದೋ?"

ಗಿರಾಕಿಗಳು ನನ್ನನ್ನು ನೋಡಿ ನಗುತ್ತಾರೆ. ನಗಲಿ. ಆ ನಾಚಿಕೆಗೆ ಪ್ರತಿಯಾಗಿ ನನಗೆ ಮಗಳ ದನಿ ಸಿಕ್ಕಿದೆ.