ರೂತಮ್ಮನ ಮರದ ಸೌಟು

ಇವತ್ತು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಮನೆಯ ಅಡುಗೆಕೋಣೆಯಿಂದ ಘಾಟು ಬಂತು. ಒಗ್ಗರಣೆಯದಲ್ಲ, ಮೂಲಂಗಿಯ ದಾಯಾದಿಯಂಥ ಒಂದು ಬೇರನ್ನು ತುರಿಯುವಾಗ ಮೂಗಿನಿಂದ ನೇರ ನೆತ್ತಿಗೆ ಹತ್ತುವ ಘಾಟು. ಓಹೋ, ರೂತಮ್ಮನ ಹಬ್ಬ ಬಂತು ಅಂದುಕೊಂಡೆ. ಅಂದುಕೊಂಡದ್ದೇ ತಡ, ಡಬ್ಲಿನ್ನಿನ ಈ ಕೊರೆಯುವ ಗಾಳಿಯಲ್ಲೂ ನನ್ನ ಕಿವಿಗಳು ಬಿಸಿಯಾದವು. ನಾಚಿಕೆಗೆ ವಯಸ್ಸಾಗುವುದಿಲ್ಲ, ನೋಡಿ.

ಅವರ ಹೆಸರು ರೂತ್; 'ಅಮ್ಮ' ನನ್ನ ಹೆಂಡತಿ ಸೇರಿಸಿದ್ದು. ಎಂಬತ್ತರ ಆಸುಪಾಸಿನ ಯೆಹೂದಿ ಹೆಂಗಸು, ಇದೇ ಊರಲ್ಲಿ ಹುಟ್ಟಿ ಬೆಳೆದವರು. ಅವರ ಪ್ರಾರ್ಥನಾ ಮಂದಿರದ ಬಳಗ ಎಷ್ಟು ಚಿಕ್ಕದೆಂದರೆ ಒಬ್ಬರಿಗೆ ನೆಗಡಿಯಾದರೆ ಸಂಜೆಯೊಳಗೆ ಎಲ್ಲರೂ ಸೀನುತ್ತಾರೆ. ಅವರು ಆಡುವುದು ಇಂಗ್ಲಿಷು. ಆದರೆ ಆ ಧಾಟಿ ನನ್ನ ಕಿವಿಗೆ ಬಸವನಗುಡಿಯ ಕನ್ನಡವಾಗಿಯೇ ಕೇಳಿಸುತ್ತದೆ.

ಅವರ ಧರ್ಮದ ನೇಮದಂತೆ ಶನಿವಾರ ಮತ್ತು ಹಬ್ಬದ ದಿನಗಳಲ್ಲಿ ರೂತಮ್ಮ ಸ್ವಿಚ್ಚು ಮುಟ್ಟುವುದಿಲ್ಲ. ಬೇರೆಯವರಿಗೆ 'ಸ್ವಲ್ಪ ಒತ್ತಿಕೊಡಿ' ಎನ್ನುವಂತೆಯೂ ಇಲ್ಲ. ಅದಕ್ಕೊಂದು ಉಪಾಯವನ್ನು ಅವರೇ ಒಮ್ಮೆ ಹೇಳಿದ್ದರು. "ನಾನು ಚಿಕ್ಕೋಳಿದ್ದಾಗ ನಮ್ಮಮ್ಮ ಪಕ್ಕದ್ಮನೆ ಬಾಗ್ಲಿಗೆ ಹೋಗಿ, 'ನಮ್ಮನೇಲಿ ತುಂಬಾ ಚಳಿ' ಅಂತಿದ್ಳು. ಅಷ್ಟೇ. ಆ ಕ್ಯಾಥೊಲಿಕ್ ಹೆಂಗಸು ಬಂದು ಒಲೆ ಹಚ್ಚಿ, ಒಂದು ಮಾತೂ ಆಡ್ದೆ ಹೋಗ್ತಿದ್ಳು."

ನಾನು ಬಿಟ್ಟೇನೆಯೇ? "ಅಯ್ಯೋ, ನಮ್ಮಜ್ಜಿ ಥೇಟ್ ಹೀಗೇ!" ಎಂದೆ. ಮಡಿಯುಟ್ಟ ಅಜ್ಜಿ ಸೊಸೆಗೆ ಕೆಲಸ ಹೇಳುತ್ತಿರಲಿಲ್ಲ, ಗೋಡೆಗೆ ಹೇಳುತ್ತಿದ್ದರು: "ಫೋನು ಬಡ್ಕೋತಾ ಇದೆ. ಕಿವಿ ಇರೋರಿಗೆ ಕೇಳ್ಸುತ್ತೆ." ಗೋಡೆಗೆ ಹೇಳಿದ ಮಾತನ್ನು ಹಿಡಿಯುವುದರಲ್ಲಿ ನನ್ನಷ್ಟು ಪಳಗಿದವರು ಇಡೀ ಐರ್ಲೆಂಡಿನಲ್ಲಿ ಇಲ್ಲವೆಂದು ಅವತ್ತು ಜಂಬ ಕೊಚ್ಚಿಕೊಂಡೆ.

ಆಮೇಲೆ ಕೊರೋನಾ ಬಂದು ದೇಶಕ್ಕೆ ದೇಶವೇ ಮಡಿಯುಟ್ಟಿತು. ನನ್ನ ಹೆಂಡತಿ ಇದೇ ಊರಿನ ಟಾಲಾ ಬಡಾವಣೆಯ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಗೆ ಬಂದವಳು ತಲೆಗೆ ನೀರು ಹಾಕಿಕೊಳ್ಳದೆ ಒಂದು ಚಮಚವನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿ ನೋಡಿದ್ದರೆ, ಕೊನೆಗೂ ಒಬ್ಬ ಸೊಸೆ ದಾರಿಗೆ ಬಂದಳು ಎನ್ನುತ್ತಿದ್ದರು. ನಾನು ಮನೆಯಿಂದಲೇ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದೆ. ಕೆಲಸವೆಂದರೆ, ದಿನವಿಡೀ ಜನರಿಗೆ 'ನೀವು ಮ್ಯೂಟ್‌ನಲ್ಲಿದ್ದೀರಿ' ಎಂದು ತಿಳಿಸುವುದು.

ಆಗಲೇ ರೂತಮ್ಮನ ಪಾಸ್‌ಓವರ್ ಬಂದದ್ದು. ತಮ್ಮ ಹಿರಿಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಹೇಳಿಕೊಳ್ಳುವ ಹಬ್ಬ ಅದು. ಮನೆಯ ಅತಿ ಕಿರಿಯರು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರಿಸಬೇಕು. ಒಬ್ಬರೇ ಇದ್ದರೆ ತಾವೇ ಕೇಳಿ ತಾವೇ ಉತ್ತರಿಸಿಕೊಳ್ಳಬೇಕಂತೆ. ರೂತಮ್ಮನ ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಮಂದಿರಕ್ಕೆ ಬೀಗ. ಬಳಗದವರು ಹಿಟ್ಟನ್ನು ಹುದುಗಿಸದೆ ಮಾಡಿದ ರೊಟ್ಟಿ, ಬೇಯಿಸಿದ ಮೊಟ್ಟೆ, ದಾಸ್ಯದ ಕಹಿಯ ನೆನಪಿಗೆ ತಿನ್ನುವ ಆ ಘಾಟಿನ ಬೇರು ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿ ಮನೆಮನೆಯ ಹೊಸ್ತಿಲಲ್ಲಿಟ್ಟು ಹೋಗಿದ್ದರು. ಅವರ ಗುರು, ರಬ್ಬಿ, ಬಹಳ ಯೋಚಿಸಿ ಒಂದು ಸಡಿಲಿಕೆ ಕೊಟ್ಟರು: ಒಂಟಿಯಾಗಿರುವವರು ಆ ವರ್ಷದ ಮಟ್ಟಿಗೆ ಕಂಪ್ಯೂಟರಿನಲ್ಲಿ ಎಲ್ಲರ ಜೊತೆ ಕೂರಬಹುದು, ಆದರೆ ಹೊತ್ತು ಮುಳುಗುವ ಮುಂಚೆಯೇ ಅದನ್ನು ಹಚ್ಚಿಡಬೇಕು, ಆಮೇಲೆ ಮುಟ್ಟಕೂಡದು.

ಹಚ್ಚಿಟ್ಟವನು ನಾನೇ. ರೂತಮ್ಮ ಹಿತ್ತಲಲ್ಲಿ ನಿಂತರು; ನಾನು ಮಾಸ್ಕು ತೊಟ್ಟು ಒಳಹೊಕ್ಕು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಚಾರ್ಜರು ಸಿಕ್ಕಿಸಿ, 'ಇನ್ನೇನೂ ಯೋಚನೆ ಇಲ್ಲ' ಎಂದು ಹೇಳಿ ಬಂದೆ. ಯಾರೂ ಮುಟ್ಟದಿದ್ದರೆ ಅದು ನಿದ್ದೆ ಹೋಗುತ್ತದೆ, ಅದನ್ನು ತಪ್ಪಿಸಿಡಬೇಕು ಎಂಬುದು ಈ ಕಂಪ್ಯೂಟರು ಪಂಡಿತನಿಗೆ ಹೊಳೆಯಲಿಲ್ಲ.

ಮಬ್ಬುಗತ್ತಲಲ್ಲಿ ನಾನು ಬಟ್ಟೆ ಎತ್ತುತ್ತಿದ್ದಾಗ ಗೋಡೆಯಾಚೆ ರೂತಮ್ಮ ಕಾಣಿಸಿದರು. ಹಬ್ಬದ ಸೀರೆ ಎನ್ನಲೇ, ನೀಲಿ ರೇಷ್ಮೆಯ ಉಡುಪು, ಮುತ್ತಿನ ಸರ.

"ಮನೆ ತುಂಬಾ ನಿಶ್ಶಬ್ದ ಆಗ್ಬಿಟ್ಟಿದೆ," ಎಂದರು.

ಈ ದೇಶದಲ್ಲಿ ಯಾರು ಏನೇ ಹೇಳಲಿ, ಮಳೆ ಅನ್ನಲಿ ಮಂಡಿನೋವು ಅನ್ನಲಿ, ತಲೆಯಾಡಿಸಿ 'ಗ್ರ್ಯಾಂಡ್' ಎಂದರೆ ಮುಗಿಯಿತು. ನನಗೂ ಎಷ್ಟೋ ವರ್ಷದ ಅಭ್ಯಾಸ.

"ಹೌದು, ಗಾಡಿಗಳೇ ಓಡಾಡ್ತಿಲ್ವಲ್ಲ! ಗ್ರ್ಯಾಂಡ್ ಆಗಿದೆ, ಅಲ್ವಾ?" ಎಂದೆ.

ರೂತಮ್ಮ ತಮ್ಮ ಕಿಟಕಿಯತ್ತ ನೋಡಿದರು. "ತುಂಬಾ ನಿಶ್ಶಬ್ದ," ಎಂದು ಮತ್ತೊಮ್ಮೆ ಅಂದರು. ನಾನು ಹಬ್ಬದ ಶುಭಾಶಯ ಹೇಳಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಬಂದೆ.

ಸ್ನಾನ ಮುಗಿಸಿ ಬಂದ ಹೆಂಡತಿಗೆ ಇದನ್ನು ಹೇಳಿದ್ದೇ ತಡ, "ಏನ್ರೀ ನೀವು, ಅವ್ರು ಏನೋ ಕೇಳೋಕೆ ಬಂದಿದ್ರು ಕಣ್ರೀ!" ಎಂದಳು. ಓಡಿಹೋಗಿ ಗೋಡೆಯಿಂದ ಇಣುಕಿದೆ. ಅವರ ಕಿಟಕಿಯಲ್ಲಿ ಪರದೆಯ ಬೆಳಕಿತ್ತು, ಹಾಡು ಕೇಳಿಸುತ್ತಿತ್ತು. ಸದ್ಯ, ಎಲ್ಲ ಸರಿಯಾಗಿದೆ ಎಂದು ನೆಮ್ಮದಿಯಿಂದ ಊಟಕ್ಕೆ ಕೂತೆ.

ಹಬ್ಬ ಕಳೆದ ಮೇಲೆ ರೂತಮ್ಮ ಗೋಡೆಯ ಬಳಿ ಬಂದು, ಗಿಡ ನೋಡುತ್ತಾ ಹೇಳಿದರು. "ಪರದೆ ಕಪ್ಪಾಗೋಯ್ತು. ನಿನ್ ಹತ್ರ ಬಂದು ಹೋದ್ಮೇಲೆ ನಾನೇ ಮುಟ್ಬಿಟ್ಟೆ. ಬೆರಳಲ್ಲಲ್ಲ, ಮರದ ಸೌಟಿನ ತುದೀಲಿ. ಸೌಟಲ್ಲಿ ಮುಟ್ಟಿದ್ರೆ ನಾನಲ್ಲ ಅನ್ನೋ ಹಾಗೆ! ಎಂಥಾ ಪೆದ್ದಿ. ಎಲ್ರೂ 'ರೂತ್! ರೂತ್!' ಅಂತ ಕೂಗಿದ್ರು. ತಲೆ ಎತ್ತೋಕಾಗ್ಲಿಲ್ಲ ನಂಗೆ. ಗಂಡನ್ನ ನೆನೆಸ್ಕೊಂಡು ಅಳ್ತಿದ್ದೀನಿ ಅಂದ್ಕೊಂಡ್ರು, ಪಾಪ."

"ನನಗೆ ಒಂದು ಮಾತು..." ಎಂದು ತೊದಲಿದೆ.

"ನಿನ್ನ ಕೇಳೋ ಹಾಗಿರ್ಲಿಲ್ಲ. ಅದಕ್ಕೇ ಹೇಳ್ದೆ," ಎಂದರು. ಕೋಪವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಜೀವಮಾನವಿಡೀ ಕಾಪಾಡಿಕೊಂಡು ಬಂದ ನೇಮವನ್ನು ಆಕೆ ಮುರಿದದ್ದು ನನ್ನ ಕಿವುಡುತನದಿಂದ. ತಲೆ ತಗ್ಗಿಸಿದ್ದು ಮಾತ್ರ ಆಕೆ. ಬಳಗದಲ್ಲಿ ಯಾರಿಗೂ ಈ ಸಂಗತಿ ಹೇಳಲಿಲ್ಲವಂತೆ.

ಬಳಗ ಈಗ ಮಂದಿರದಲ್ಲಿ ಮತ್ತೆ ಸೇರುತ್ತದೆ. ಆದರೆ ಆ ವರ್ಷ ಕಲಿತ ಒಂದು ಪಾಠವನ್ನು ಬಿಟ್ಟಿಲ್ಲ: ಬರಲಾಗದವರ ಮನೆಗೆ ಹಬ್ಬವೇ ನಡೆದು ಹೋಗುತ್ತದೆ. ಸೊಂಟದ ನೋವಿನ ರೂತಮ್ಮನ ಮನೆಗೆ ಇವತ್ತು ಸಂಜೆ ಅವರೆಲ್ಲ ಬಂದರು. ನಾನು ಬೇಕೆಂದೇ ಹಿತ್ತಲಲ್ಲಿ, ಬಟ್ಟೆ ಎತ್ತಿ ಖಾಲಿಯಾದ ತಂತಿಯ ಕೆಳಗೆ ಸುಳಿದಾಡುತ್ತಿದ್ದೆ.

ಕೋಲೂರಿಕೊಂಡು ಹೊರಗೆ ಬಂದ ರೂತಮ್ಮ, "ಒಳಗೆ ಯಾಕೋ ಸೆಖೆ," ಎಂದು ಆಕಾಶಕ್ಕೆ ಹೇಳಿದರು. ಮಾತು ಮುಗಿಯುವಷ್ಟರಲ್ಲಿ ನಾನು ಗೋಡೆ ಸುತ್ತಿ ಅವರ ಅಡುಗೆಕೋಣೆ ಹೊಕ್ಕಿದ್ದೆ. ಹೀಟರು ತಗ್ಗಿಸಿ, ಆ ಕ್ಯಾಥೊಲಿಕ್ ಹೆಂಗಸಿನಂತೆ ಮಾತಿಲ್ಲದೆ ಹೊರಟವನನ್ನು ರೂತಮ್ಮ ಬಾಗಿಲಲ್ಲೇ ತಡೆದು ಎಲ್ಲರಿಗೂ ತೋರಿಸಿದರು.

"ನಮ್ಮ ಪಕ್ಕದ್ಮನೆಯವ್ನು. ಇವನಿಗೆ ಬಾಯಿ ಬಿಟ್ಟು ಕೇಳೋದೇ ಬೇಡ. ಅಂಥಾ ಕಿವಿ!"

ಮೇಜಿನ ಸುತ್ತ ಕೂತವರೆಲ್ಲ ಮೆಚ್ಚುಗೆಯಿಂದ ತಲೆದೂಗಿದರು. ನಿಜ ಹೇಳಿದರೆ ಸೌಟಿನ ಕಥೆ ಹೊರಬೀಳುತ್ತದೆ; ಸುಮ್ಮನಿದ್ದರೆ ಹೊಗಳಿಕೆ ನುಂಗಬೇಕು. ಯಾರೋ ರೊಟ್ಟಿಯ ತುಂಡಿನ ಮೇಲೆ ಆ ಬೇರಿನ ತುರಿ ಇಟ್ಟು ಕೈಗೆ ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ತುಂಬಿತು.

"ಘಾಟು ಅಲ್ವಾ?" ಎಂದು ಎಲ್ಲರೂ ನಕ್ಕರು.

ಹೌದೆಂದು ತಲೆಯಾಡಿಸಿದೆ. ರೂತಮ್ಮ ಮಾತ್ರ ನಗಲಿಲ್ಲ. ಮೆಲ್ಲಗೆ ಒಂದು ಲೋಟ ನೀರನ್ನು ನನ್ನ ಕಡೆ ಸರಿಸಿದರು; ನಾನು ಕೇಳಿರಲಿಲ್ಲ.