ಕಾಕುವಿನ ಐದು ಬೊಗಸೆ ಅಕ್ಕಿ

ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ದೀಪ ಹಾಕಿದರೆ ದೋಸೆಹಿಟ್ಟು ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಕಟ್ಟೆಗೆ ಇಳಿದಿತ್ತು. ಮುಂಬಯಿ ಪಕ್ಕದ ಈ ಡೊಂಬಿವಲಿಗೆ ಬಂದು ಆರು ವರ್ಷವಾಯಿತು, ಇಲ್ಲಿನ ಹಿಟ್ಟು ಇನ್ನೂ ನನ್ನ ಹಿಡಿತಕ್ಕೆ ಬಂದಿಲ್ಲ. ಮೈಸೂರಿನಲ್ಲಿ ಜನವರಿಯೆಂದರೆ ಪಾತ್ರೆಗೆ ಟವೆಲ್ಲು ಸುತ್ತಿ, ಒಲೆಯ ಪಕ್ಕದಲ್ಲಿಟ್ಟು ಬೇಡಿಕೊಂಡರೂ ಹುಳಿ ಬರುತ್ತಿರಲಿಲ್ಲ. ಇಲ್ಲಿ ಅದೇ ಜನವರಿಯಲ್ಲಿ ಉಕ್ಕಿ ಹರಿಯುತ್ತದೆ. ಆದರೆ ಇವತ್ತು ನಾನು ಬಟ್ಟೆ ಹಿಡಿದು ನಿಂತುಬಿಟ್ಟದ್ದು ಅದಕ್ಕಲ್ಲ. ವಾಸನೆಗೆ. ಹುಳಿಯ ಅಡಿಯಲ್ಲಿ ಇನ್ನೊಂದು ಪರಿಮಳವಿತ್ತು, ಆಗಷ್ಟೇ ಗಂಜಿ ಬಸಿದ ಪಾತ್ರೆಯ ಹಾಗೆ, ತುಸು ಸಿಹಿಯಾಗಿ. ನನ್ನದೇ ಕಟ್ಟೆಯ ಮುಂದೆ ನಿಂತು ಬೇರೆ ಯಾರದೋ ಅಡುಗೆಮನೆಗೆ ಹೊಕ್ಕಂತಾಯಿತು.

ಯಾರ ಅಡುಗೆಮನೆ ಎಂದು ನನಗೆ ಗೊತ್ತಿತ್ತು. ಅಕ್ಕಿ ಎದುರುಮನೆಯ ಸುಮನ್ ಕಾಕು ಕೊಟ್ಟದ್ದು. ಇಲ್ಲಿ ವಯಸ್ಸಾದ ನೆರೆಯ ಹೆಂಗಸನ್ನು ಕಾಕು ಅನ್ನುತ್ತಾರೆ, ನಮ್ಮ ಚಿಕ್ಕಮ್ಮನ ಹಾಗೆ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕರೆದಾಗ ಅವರು ನನ್ನ ಸೆರಗಿಗೆ ಓಟಿ ತುಂಬಿದರು. ಓಟಿಯೆಂದರೆ ಮುತ್ತೈದೆಯ ಮಡಿಲಿಗೆ ಹಾಕುವ ಅಕ್ಕಿ, ಕಾಯಿ, ರವಿಕೆ ಬಟ್ಟೆ. ಉಳಿದವರಿಗೆಲ್ಲ ಒಂದು ಬೊಗಸೆ ಹಾಕಿದ ಕಾಕು ನನಗೆ ಐದು ಹಾಕಿದರು. ನಾನು ನಕ್ಕು, ಸೆರಗು ಕೊಳೆಯಾಗುತ್ತದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಗಿಡ್ಡ ಕಾಳು, ಮೈಮೇಲೆ ಕೆಂಪು ಗೆರೆ, ಅಲ್ಲಲ್ಲಿ ನುಚ್ಚು. ಬಟ್ಟೆಯ ಚೀಲದಲ್ಲಿ ಕಟ್ಟಿ ಮೇಲಿನ ಷೆಲ್ಫಿಗೆ ತಳ್ಳಿದೆ. ನಿನ್ನೆ ಹತ್ತು ದಿನದ ಮೇಲೆ ಕೈಗೆ ಸಿಕ್ಕಿತು. ಊಟಕ್ಕಾಗುವುದಿಲ್ಲ, ದೋಸೆಗಾದರೂ ಆಗಲಿ ಎಂದು ಉದ್ದಿನ ಜೊತೆ ನೆನೆಹಾಕಿದೆ.

ನಮ್ಮ ಯಜಮಾನರು ಎಂಟು ಹನ್ನೆರಡರ ಫಾಸ್ಟ್ ಲೋಕಲ್ ರೈಲಿಗೆ ಓಡಬೇಕು. ಮೂರು ದೋಸೆ ಡಬ್ಬಿಗೆ, ಮೂರು ತಟ್ಟೆಗೆ. ಒಂದು ತುಂಡು ಬಾಯಿಗಿಟ್ಟು, "ಏನೇ, ಇವತ್ತು ದೋಸೆ ಜೋರಾಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಲಿಫ್ಟಿಗೆ ಹೋದರು. ಮಗಳು ಈಶಾ ಊಟದ ಮೇಜಿನ ಮೇಲೆ ಚಾರ್ಟ್ ಪೇಪರ್ ಹರಡಿಕೊಂಡಿದ್ದಳು. ಏಳನೆಯ ಕ್ಲಾಸು. ಒಂದು ಧಾನ್ಯದ ಹೆಸರು ಬೇರೆಬೇರೆ ಭಾಷೆಗಳಲ್ಲಿ ಏನು, ಎಲ್ಲಿಂದ ಬಂತು ಎಂದು ಬರೆದುಕೊಂಡು ಹೋಗಬೇಕಂತೆ. ಅವಳು ಆರಿಸಿದ್ದು ಅಕ್ಕಿ.

"ಅಮ್ಮಾ, ಚಾವಲ್ ಕೋ ಕನ್ನಡ ಮೇ ಕ್ಯಾ ಬೋಲ್ತೇ ಹೈ?"

"ಯಾವ ಚಾವಲ್ಲು?"

"ಮತ್ಲಬ್? ಚಾವಲ್ ಮತ್ಲಬ್ ಚಾವಲ್!"

"ಹಾಗಲ್ವೇ. ಗದ್ದೇಲಿದ್ರೆ ಭತ್ತ, ಡಬ್ಬೀಲಿದ್ರೆ ಅಕ್ಕಿ, ಬೆಂದ್ರೆ ಅನ್ನ. ಮುರಿದ್ರೆ ನುಚ್ಚು."

"ಬಾಪ್ ರೇ! ಚಾರ್ಟ್ ಪೇ ಇತ್ನಾ ಜಗಾ ನಹೀ ಹೈ."

ಚಾರ್ಟಿನಲ್ಲಿ ಅಷ್ಟು ಜಾಗವಿಲ್ಲವಂತೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅದನ್ನು ಯಾರ ಮೇಲೆ ಹಾಕಲಿ? ನಾನೇ ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ರೈಸ್ ಎಂಬ ಒಂದೇ ಮಾತಿನಲ್ಲಿ ಡಬ್ಬಿಯದೂ ತಟ್ಟೆಯದೂ ಮುಗಿಯುತ್ತಿತ್ತು, ಮನೆಗೆ ಬಂದು ಹಾಗೇ ಹೇಳುವುದು ನನಗೆ ಒಂದು ಅಚ್ಚುಕಟ್ಟು ಅನ್ನಿಸುತ್ತಿತ್ತು. ಈಶಾ ಫೋನಿನಲ್ಲಿ ಹುಡುಕಿ ಓದಿದಳು. ರೈಸ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅದಕ್ಕೆ ಲ್ಯಾಟಿನ್ನಿನಿಂದ, ಅದಕ್ಕೆ ಗ್ರೀಕಿನ ಒರುಜಾದಿಂದ. ಅದರಾಚೆ ಒಮ್ಮತವಿಲ್ಲ. ಇರಾನಿನ ಕಡೆಯದೆಂದು ಕೆಲವರು, ಸಂಸ್ಕೃತದ ವ್ರೀಹಿ ಎಂದು ಕೆಲವರು, ತಮಿಳಿನ ಅರಿಸಿ ಎಂದು ಇನ್ನು ಕೆಲವರು. ಪಾಪ, ಬಂದರಿಂದ ಬಂದರಿಗೆ ಬಟ್ಟೆ ಬದಲಿಸುತ್ತ ಹೋದ ಮಾತು. ತವರು ಯಾವುದೆಂದು ಅದಕ್ಕೇ ಮರೆತುಹೋಗಿದೆ.

"ಅಮ್ಮಾ ಸುನೋ, ಭಾತ್ ಕಾ ಮೀನಿಂಗ್." ಮರಾಠಿಯ ಭಾತ್, ನಮ್ಮ ಭತ್ತ, ವಾಂಗೀಬಾತಿನ ಬಾತ್ ಕೂಡ, ಎಲ್ಲ ಸಂಸ್ಕೃತದ ಭಕ್ತದಿಂದ ಬಂದದ್ದಂತೆ. ದೇವರ ಭಕ್ತ ಎನ್ನುವಾಗಿನದೇ ಮಾತು. ಅದರ ಹಳೆಯ ಅರ್ಥ ಹಂಚಿದ್ದು, ಪಾಲಿಗೆ ಬಂದದ್ದು. ಈಶಾ ಅದನ್ನು ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದು, ಮರಾಠಿಯ ಉಳಿದ ಮಾತುಗಳನ್ನು ಕಾಕುವನ್ನು ಕೇಳಿಕೊಂಡು ಬಾ ಎಂದು ನನ್ನನ್ನು ಅಟ್ಟಿದಳು.

ಬರಿಗೈಯಲ್ಲಿ ಹೋಗುವುದೇ? ನಾಲ್ಕು ದೋಸೆ ತಟ್ಟೆಗೆ ಹಾಕಿ, ಪಕ್ಕದಲ್ಲಿ ಚಟ್ನಿಯಿಟ್ಟು ಎದುರುಮನೆಯ ಬೆಲ್ ಒತ್ತಿದೆ.

ಈ ಎರಡು ಬಾಗಿಲುಗಳ ನಡುವಿನ ಆರು ಹೆಜ್ಜೆಯೇ ನನ್ನ ಮುಂಬಯಿ ಎಂದರೂ ಸರಿ. ಬಂದ ಹೊಸದರಲ್ಲಿ ಇವರು ಆಫೀಸಿಗೆ, ಮಗು ಶಾಲೆಗೆ ಹೋದಮೇಲೆ ನಾನು ಬಾಲ್ಕನಿಯಲ್ಲಿ ನಿಂತು ಲೋಕಲ್‌ಗಳನ್ನು ಎಣಿಸುತ್ತಿದ್ದೆ. ಬಾಗಿಲು ತಟ್ಟಿ, "ಒಬ್ಬಳೇ ಏನು ಮಾಡ್ತೀ? ಬಾ, ಮೆಂತ್ಯ ಬಿಡಿಸೋಣ" ಎಂದು ಕರೆದವರು ಕಾಕು. ನಮ್ಮ ಭಾಷೆ ಅರ್ಧ ಮರಾಠಿ, ಅರ್ಧ ಹಿಂದಿ. ಅನ್ನ ಎಂದರೆ ಅವರಿಗೆ ಎಲ್ಲ ಬಗೆಯ ಊಟವೂ ಹೌದು ಎಂದು ಕಲಿಸಿದ್ದು ಅವರೇ. ಕೆಳಗಿನ ಅಂಗಡಿಯವನಿಗೆ ನನ್ನ ಸೋನಾ ಮಸೂರಿಯನ್ನು ಕಲಿಸಿದ್ದು ಮಾತ್ರ ನಾನೇ. ಈಗವನು ಮೂಟೆಯ ಮೇಲೆ 'ಮೈಸೂರ್‌ವಾಲಿ ಭಾಭಿ' ಎಂದು ಬರೆದಿಡುತ್ತಾನೆ. ಇಲ್ಲಿ ನಾನು ಗೆದ್ದದ್ದು ಅದೊಂದೇ ಎಂದು ಎಷ್ಟು ಜನರ ಹತ್ತಿರ ಹೇಳಿಕೊಂಡಿಲ್ಲ!

ಕಾಕು ಇನ್ನೂ ಪೂಜೆ ಮುಗಿಸಿರಲಿಲ್ಲ. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಜಾಳಿಗೆ ಮುಚ್ಚಿದರು. ಮಾತುಗಳನ್ನು ಕೇಳಿದಾಗ ಅವರ ಮುಖ ಅರಳಿತು.

"ಬರಕೋ. ಗದ್ದೆಯಲ್ಲಿ ಭಾತ್. ಕುಟ್ಟಿ ತೆಗೆದರೆ ತಾಂದೂಳ್. ಬೇಯಿಸಿದರೆ ಮತ್ತೆ ಭಾತ್. ಮುರಿದದ್ದು ಕಣಿ. ನಾಟಿ ಮಾಡೋದಕ್ಕೆ ಲಾವಣಿ."

"ಗದ್ದೆಯಲ್ಲೂ ಭಾತ್, ತಟ್ಟೆಯಲ್ಲೂ ಭಾತಾ? ನಮಗೆ ಮೂರು ಹೆಸರಿದೆ, ಕಾಕು."

"ನಿಮ್ಮದೇನು, ಎಲ್ಲದಕ್ಕೂ ಠೀವಿ! ಹೊರಟ ಹೆಸರಿಗೇ ವಾಪಸು ಬರುತ್ತೆ ನಮ್ಮದು. ನಿನ್ನ ಅಕ್ಕಿ ಹೊರಟ ಮನೆಗೆ ತಿರುಗಿ ಬರೋದೇ ಇಲ್ಲ ಹಾಗಾದರೆ." ನಕ್ಕರು. ಆಮೇಲೆ ಮಂಗಳಾರತಿಯ ಬತ್ತಿಯನ್ನು ಹೊಸೆಯುತ್ತ, ಬಟ್ಟೆ ಒಗೆದೆ ಎನ್ನುವಷ್ಟು ಹಗುರವಾಗಿ ಹೇಳಿದರು: "ಲಾವಣಿ ಎಲ್ಲ ಇನ್ನು ಚಾರ್ಟಿನ ಮೇಲೇ. ನಮ್ಮ ಮಾಹೇರಿನ ಗದ್ದೆ ಹೋಯಿತು, ಸುಧಾ."

ಮಾಹೇರ್ ಅಂದರೆ ತವರು. ಕಾಕುವಿನದು ಕಲ್ಯಾಣದಿಂದಾಚೆ ಮುರಬಾಡದ ಕಡೆ. ಅಪ್ಪ ಹೋದಮೇಲೆ ಅಕ್ಕತಂಗಿಯರು ಪಾಲು ಬೇಡವೆಂದು ಕಾಗದಕ್ಕೆ ಸಹಿ ಹಾಕಿದರಂತೆ. ಅದಕ್ಕೆ ಇಲ್ಲಿ ಹಕ್ಕಸೋಡ್ ಅನ್ನುತ್ತಾರೆ, ಹಕ್ಕು ಬಿಡುವುದು. ಅದರ ಬದಲಿಗೆ ತಮ್ಮ ಪ್ರತಿವರ್ಷ ಸುಗ್ಗಿಯಾದ ಮೇಲೆ ಒಂದು ಚೀಲ ಅಕ್ಕಿ ತಂದು ಹಾಕುತ್ತಿದ್ದ. ಈ ವರ್ಷ ಬೆಳೆ ಕೊಯ್ದ ಮೇಲೆ ಗದ್ದೆಯನ್ನು ಕಟ್ಟಡ ಕಟ್ಟುವವರಿಗೆ ಮಾರಿಬಿಟ್ಟ.

"ಕೊನೆಯ ಚೀಲದ ತಳದಲ್ಲಿದ್ದದ್ದನ್ನ ಹಬ್ಬಕ್ಕೆ ಬಂದವರಿಗೆಲ್ಲ ಒಂದೊಂದು ಬೊಗಸೆ ಕೊಟ್ಟೆ. ಉಳಿದದ್ದನ್ನ ಐದೈದು ಬೊಗಸೆ ಮಾಡಿದೆ, ಮೂವರಿಗೆ. ತಂಗಿಗೆ, ಸೊಸೆಗೆ, ನಿನಗೆ. ನಿನ್ನ ತವರು ದೂರ ಅಲ್ವಾ, ಯಾರು ತುಂಬುತ್ತಾರೆ ನಿನ್ನ ಓಟಿ? ನಾನು ಒಂದು ಮುಷ್ಟಿನೂ ಇಟ್ಟುಕೊಂಡಿಲ್ಲ ನೋಡು. ಇದ್ದರೆ ದಿನಾ ಡಬ್ಬಿ ತೆಗೆದು ಮೂಸುತ್ತಾ ಕೂತಿರುತ್ತಿದ್ದೆ."

ಜಾಳಿಗೆಯ ಕೆಳಗೆ ನಾಲ್ಕು ದೋಸೆ ಇನ್ನೂ ಹಬೆಯಾಡುತ್ತಿದ್ದವು. ನಿಮ್ಮ ಅಕ್ಕಿ ಇದೇ ಎಂದು ಹೇಳಬೇಕಿತ್ತು. ನಾನು "ಪೂಜೆಗೆ ಹೊತ್ತಾಯಿತು, ಕಾಕು" ಎಂದು ಎದ್ದುಬಂದೆ.

ಮಧ್ಯಾಹ್ನ ಮೈಸೂರಿಗೆ ಫೋನು ಮಾಡಿದೆ. ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಮಡ್ಲಕ್ಕೀನ ರುಬ್ಬಿದ್ಯೇನೇ?"

"ಮಡ್ಲಕ್ಕಿ ಅಲ್ಲಮ್ಮ, ಓಟಿ ಅಂತಾರೆ..."

"ಮಡ್ಲಿಗೆ ಹಾಕಿದ್ಮೇಲೆ ಇನ್ನೇನೇ ಅದು? ಮಡ್ಲಕ್ಕೀಲಿ ಪಾಯಸ ಮಾಡ್ಕೊಂಡು ಮನೆಯೋರು ತಿನ್ಬೇಕು, ನೆನೆಹಾಕ್ಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ? ಆಯಮ್ಮ ನನ್ನ ಜಾಗದಲ್ಲಿ ನಿಂತು ಕೊಟ್ಟಿದ್ದಾರೆ, ನೀನು ದೋಸೆ ಹುಯ್ದಿದೀಯ."

ಅಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಮೈಸೂರಿನಿಂದ ಹೊರಡುವಾಗ ಅವಳು ಹಾಕುವ ಎರಡು ಬೊಗಸೆ ಅಕ್ಕಿಯನ್ನು ನಾನು ಪ್ರತಿಸಲ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ಒಂದು ಕಾಳು ಚೆಲ್ಲಿದರೂ ಹೆಕ್ಕುತ್ತೇನೆ. ಅದೇ ಅಕ್ಕಿ, ಅದೇ ಸೆರಗು, ಅದೇ ಬೊಗಸೆ. ಮರಾಠಿಯಲ್ಲಿ ಕೊಟ್ಟದ್ದರಿಂದ ನನ್ನ ಮನಸ್ಸು ಅದನ್ನು ಸಾಮಾನಿನ ಜೊತೆ ಸೇರಿಸಿಬಿಟ್ಟಿತು. ಆರು ವರ್ಷ ಇಲ್ಲಿಯವರ ಮಾತು ಕಲಿತೆ ಎಂದುಕೊಂಡಿದ್ದೆ. ಕಲಿತದ್ದು ಹೆಸರುಗಳನ್ನು. ನನಗೆ ಅಳು ತಂದಿರುವ ಮಾತುಗಳೆಲ್ಲ ಇನ್ನೂ ಕನ್ನಡದವೇ. ಇಷ್ಟಕ್ಕೂ ಅಣ್ಣನ ಮನೆಯ ಕಾಗದಕ್ಕೆ ಪಾಲು ಬೇಡವೆಂದು ಸಹಿ ಹಾಕಿದವಳು ನಾನೂ ಹೌದು. ಅಲ್ಲಿ ಪಾಲು ಬಿಟ್ಟೆ, ಇಲ್ಲಿ ಪಾಲು ಕೊಟ್ಟರೆ ಗುರುತು ಹಿಡಿಯಲಿಲ್ಲ.

ಷೆಲ್ಫಿನಿಂದ ಬಟ್ಟೆಚೀಲವನ್ನು ಇಳಿಸಿ ಕೊಡವಿದೆ. ತಳದಲ್ಲಿ ಉಳಿದದ್ದು, ಹೊಲಿಗೆಯ ಸಂದಿಯಲ್ಲಿ ಸಿಕ್ಕಿದ್ದೂ ಸೇರಿ ಒಂದು ಹಿಡಿಯಾಯಿತು. ತೊಳೆದು, ಸಣ್ಣ ಉರಿಯಲ್ಲಿ ಹಾಲು-ಬೆಲ್ಲ ಹಾಕಿ ಪಾಯಸ ಮಾಡಿದೆ. ಬೇಯುವಾಗ ಬೆಳಗಿನದೇ ಪರಿಮಳ ಮನೆಯಿಡೀ ತುಂಬಿತು. ಈಶಾ ಶಾಲೆಯಿಂದ ಬಂದವಳು, "ಕಾಕು ಕೇ ಘರ್ ಜೈಸಾ ಸ್ಮೆಲ್ ಆ ರಹಾ ಹೈ" ಅಂದಳು. ಕಾಕುವಿನ ಮನೆಯದೆಂದು ಅವಳ ಮೂಗು ಗುರುತಿಸಿದ್ದನ್ನು ನಾನು ನಿನ್ನೆ ನೆನೆಹಾಕುವಾಗ ಗುರುತಿಸಲಿಲ್ಲವಲ್ಲ.

ದೀಪ ಹಚ್ಚುವ ಹೊತ್ತಿಗೆ ಒಂದು ಪುಟ್ಟ ಬಟ್ಟಲು ಹಿಡಿದು ಆರು ಹೆಜ್ಜೆ ದಾಟಿದೆ. ಹೇಳಬೇಕಾದ ಮೊದಲ ವಾಕ್ಯವನ್ನು ಮರಾಠಿಯಲ್ಲೇ ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಕಾಕು ಬಾಗಿಲಲ್ಲೇ ಸಿಕ್ಕರು, ಕಾಲಿಗೆ ಚಪ್ಪಲಿ, ಕೈಯಲ್ಲಿ ತರಕಾರಿ ಚೀಲ. ಬೆಳಗಿನ ನನ್ನ ತಟ್ಟೆಯನ್ನು ತೊಳೆದು, ಎರಡು ಎಳ್ಳಿನ ಲಾಡು ಇಟ್ಟು ನನ್ನ ಕೈಗೆ ಕೊಟ್ಟರು. ಪಾಯಸದ ಬಟ್ಟಲನ್ನು ಒಳಗಿಟ್ಟು ಬಂದರು, ಏನೆಂದು ನೋಡಲೂ ಇಲ್ಲ.

"ಕಾಕು, ಒಂದು ಮಾತು..."

"ಅಗ ಸುಧಾ, ಬಂದು ಕೇಳ್ತೀನಿ, ಸೊಪ್ಪಿನವಳು ಹೊರಟುಬಿಡ್ತಾಳೆ." ಲಿಫ್ಟಿನ ಗುಂಡಿ ಒತ್ತಿ, ಒಳಗೆ ಕಾಲಿಟ್ಟ ಮೇಲೆ ನೆನಪಾದವರಂತೆ ತಿರುಗಿದರು. "ಡೋಸಾ ಅಂದರೆ ಡೋಸಾ ಬಿಡು ಇವತ್ತು! ಯಾವ ಅಂಗಡಿ ಅಕ್ಕೀನೇ ಅದು? ನನಗೂ ಎರಡು ಕಿಲೋ ತರಿಸು."